ಮೂರೂವರೆ ತಿಂಗಳು ಒಣಗದ ಮೂರು ಹನಿ ನೀರು

ಟೆಲಿವಿಷನ್ ಕಂಪನಿಯ ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರಿಗೆ,

ಮಾನ್ಯರೇ,

“ಕಣ್ಣು ಕಾಣುವುದಿಲ್ಲ, ಬೆಳಕು ತೋರಿಸುತ್ತದೆ” ಎಂದು ಶುರುವಾಗುವ ಸಾಲೊಂದು ಕೆಲವು ತಿಂಗಳಿಂದ ನನ್ನ ತಲೆಯಲ್ಲಿ ಸುತ್ತುತ್ತಿದೆ. ಯಾರು ಬರೆದದ್ದೋ ನೆನಪಿಲ್ಲ. ಸಾಲಿನ ಉಳಿದರ್ಧವೂ ನೆನಪಿಲ್ಲ. ಎಂ.ಎ. ಓದುವಾಗ ನೋಟ್‌ಬುಕ್ಕಿನ ಹಿಂಬದಿಯಲ್ಲಿ ಬರೆದುಕೊಂಡಿದ್ದೆ ಎಂಬುದಷ್ಟೇ ಗೊತ್ತು. ಆಗ ಅದು ಪ್ರಶ್ನೆಯೇ ಇಲ್ಲದ ಸತ್ಯವೆನಿಸಿತ್ತು. ಈಗ ಅನುಮಾನ. ಬೆಳಕು ನಿಜಕ್ಕೂ ತೋರಿಸುತ್ತದೆಯೇ? ನಮ್ಮ ಮನೆಯಲ್ಲಿರುವ ನಿಮ್ಮ ಕಂಪನಿಯ ಐವತ್ತಮೂರು ಇಂಚಿನ ಪ್ರೊಜೆಕ್ಷನ್ ಟಿವಿಯೊಳಗೆ ಒಂದಲ್ಲ, ಮೂರು ಬೆಳಕುಗಳಿವೆ: ಕೆಂಪು, ಹಸಿರು, ನೀಲಿ. ಜನವರಿಯಲ್ಲಿ ಅವು ಒಂದೇ ಅಕ್ಷರವನ್ನು ಮೂರು ಕಡೆ ತೋರಿಸಲು ಶುರುಮಾಡಿದವು. ಈಗ ಏನನ್ನೂ ತೋರಿಸುತ್ತಿಲ್ಲ. ವಾರಂಟಿ ಇನ್ನೂ ಮುಗಿಯದ ಈ ಟಿವಿಯನ್ನು ರಿಪೇರಿ ಮಾಡಿಕೊಡಲು ನಿಮ್ಮ ವಿಭಾಗ ನಾಲ್ಕು ತಿಂಗಳಿಂದ ಒಪ್ಪುತ್ತಿಲ್ಲ. ನಾನು ಅದರ ಮೇಲೆ ಮೂರು ಹನಿ ನೀರು ಚಿಮುಕಿಸಿದ್ದೆ ಎಂಬುದು ನೀವು ಕೊಟ್ಟ ಕಾರಣ.

ಈ ಪತ್ರವನ್ನು ಕನ್ನಡದಲ್ಲಿ ಬರೆಯುತ್ತಿರುವುದಕ್ಕೆ ಕ್ಷಮೆ ಕೇಳುವುದಿಲ್ಲ. ಇಂಗ್ಲಿಷಿನಲ್ಲಿ ಏಳು ಪತ್ರ ಬರೆದೆ, ಹಿಂದಿಯಲ್ಲಿ ಎರಡು. ಒಂದಕ್ಕೆ ಮಾತ್ರ ಉತ್ತರ ಬಂತು. ಆ ಉತ್ತರದ ವಿಚಾರ ಮುಂದೆ ಹೇಳುತ್ತೇನೆ. ಓದದೇ ಇರುವವರಿಗೆ ಯಾವ ಭಾಷೆಯಲ್ಲಿ ಬರೆದರೇನು ಎಂದು ಒಂದು ದಿನ ಹೊಳೆಯಿತು. ನನಗೆ ಸಂಕಟ ಹೇಳಿಕೊಳ್ಳಲು ಬರುವ ಭಾಷೆಯಲ್ಲಿ ಬರೆದರೆ ದೆಹಲಿಯ ನಮ್ಮ ಕನ್ನಡ ಸಂಘದ ತ್ರೈಮಾಸಿಕದಲ್ಲಾದರೂ ಅಚ್ಚಾಗುತ್ತದೆ. ಮುನ್ನೂರು ಮನೆಗಳಿಗೆ ಹೋಗುವ ಆ ಪತ್ರಿಕೆಯ ಓದುಗರಲ್ಲಿ ಯಾರಾದರೂ ನಿಮ್ಮ ಕಚೇರಿಯಲ್ಲಿ ಕೆಲಸಕ್ಕಿದ್ದರೆ, ಊಟದ ಹೊತ್ತಿನಲ್ಲಿ ನಿಮಗೆ ಇದನ್ನು ಓದಿ ಹೇಳಲಿ. ಇನ್ನೊಬ್ಬರಿಗೆ ಓದಿ ಹೇಳುವುದು ಎಷ್ಟು ತಾಳ್ಮೆಯ ಕೆಲಸವೆಂದು ನನಗೆ ಗೊತ್ತು. ಈಚೆಗೆ ನನ್ನ ದಿನದ ಅರ್ಧ ಅದರಲ್ಲೇ ಕಳೆಯುತ್ತದೆ.

ಆ ಟಿವಿ ನಮ್ಮ ಮನೆಗೆ ಬಂದದ್ದೇಕೆ ಎಂಬುದನ್ನು ಮೊದಲು ಹೇಳಬೇಕು. ನನ್ನ ಗಂಡ ಇಂದುಶೇಖರ ಶಾಸನ ಓದುವವರು. ಇಲ್ಲಿನ ವಿಶ್ವವಿದ್ಯಾಲಯವೊಂದರಲ್ಲಿ ಇಪ್ಪತ್ತಾರು ವರ್ಷ ಇತಿಹಾಸ ಕಲಿಸಿದರು; ಕಳೆದ ವರ್ಷ ಸ್ವಯಂ ನಿವೃತ್ತಿ ತೆಗೆದುಕೊಂಡರು. ಅವರ ಕಣ್ಣಿನ ನಡುನೋಟ ಹೋಗುತ್ತಿದೆ. ಎದುರಿಗೆ ನಿಂತವರ ಕಿವಿ ಕಾಣುತ್ತದೆ, ಭುಜ ಕಾಣುತ್ತದೆ, ಮುಖ ಕಾಣುವುದಿಲ್ಲ. ನನ್ನನ್ನು ಅವರು ಗುರುತಿಸುವುದು ಸೀರೆಯ ಅಂಚಿನಿಂದ ಮತ್ತು ನಾನು ಬಾಗಿಲು ಹಾಕುವ ಸದ್ದಿನಿಂದ. ಕಳೆದ ಬೇಸಿಗೆಯಲ್ಲಿ ಕಣ್ಣಿನ ವೈದ್ಯರು ಬಹಳ ಹೊತ್ತು ಪರೀಕ್ಷೆ ಮಾಡಿ, “ಗೇಣುದ್ದದ ಅಕ್ಷರವಾದರೆ ಇನ್ನೊಂದು ವರ್ಷ ಗುರುತು ಹಿಡಿಯಬಲ್ಲಿರಿ. ಹೆಚ್ಚೆಂದರೆ ಒಂದೂವರೆ ವರ್ಷ. ಆಮೇಲಿನದನ್ನು ನಾನು ಹೇಳಲಾರೆ” ಎಂದರು. ವೈದ್ಯರು ಕಾರ್ಡು ಕೊಡಲಿಲ್ಲ, ಮೊಹರು ಹಾಕಲಿಲ್ಲ. ಆದರೂ ಅವರು ಹೇಳಿದ ಅವಧಿ ನಿಮ್ಮ ವಾರಂಟಿಗಿಂತ ಖಚಿತವಾಗಿ ನಡೆಯುತ್ತಿದೆ.

ಪುಸ್ತಕವಾದರೆ ನಾನು ಓದಿ ಹೇಳಬಲ್ಲೆ. ದಿನಾ ಓದುತ್ತಲೂ ಇದ್ದೇನೆ. ಆದರೆ ಅವರ ಕೆಲಸ ಪುಸ್ತಕದ್ದಲ್ಲ. ಕಲ್ಲಿನ ಮೇಲೆ ಒದ್ದೆ ಕಾಗದ ಒತ್ತಿ, ಮಸಿ ಸವರಿ ತೆಗೆದ ಪಡಿಯಚ್ಚುಗಳು ಅವರ ಕಪಾಟಿನಲ್ಲಿವೆ. ಅದರಲ್ಲಿರುವುದು ಸಾವಿರ ವರ್ಷ ಹಿಂದಿನ ಲಿಪಿ. ನಾನು ಎಂ.ಎ. ಮಾಡಿದ್ದು ನಿಜ, ಆದರೆ ಆ ಅಕ್ಷರಗಳು ನನಗೆ ಎರೆಹುಳುವಿನ ಜಾಡಿನಂತೆ ಕಾಣುತ್ತವೆ. ಸವೆದ ಅಕ್ಷರವನ್ನು ಅವರೇ ನೋಡಬೇಕು. ಅಕ್ಕಪಕ್ಕದ ಅಕ್ಷರಗಳ ಜೊತೆಗಿಟ್ಟು, ಸಾಲಾಗಿ ನೋಡಬೇಕು. ಕೊನೆಯದಾಗಿ ಅವರು ಕೈಗೆತ್ತಿಕೊಂಡದ್ದು ಒಂದು ಕೆರೆಯ ತೂಬಿನ ಬಳಿ ಸಿಕ್ಕ ಶಾಸನ. ಹತ್ತೊಂಬತ್ತು ಸಾಲು. ಒಬ್ಬ ಹೆಂಗಸು ಒಡೆದ ಕೆರೆಯ ದುರಸ್ತಿಗೆಂದು ತನ್ನ ಗದ್ದೆ ಬಿಟ್ಟುಕೊಟ್ಟ ವಿಷಯ ಅದರಲ್ಲಿದೆ. ದುರಸ್ತಿ ಎಂಬ ಪದವನ್ನು ನೀವು ಗಮನಿಸಬೇಕು. ಆಕೆಯ ಹೆಸರು ಹದಿನಾಲ್ಕನೆಯ ಸಾಲಿನಲ್ಲಿದೆ, ಸವೆದಿದೆ. ಟಿವಿ ಕೆಡುವ ಹೊತ್ತಿಗೆ ಹದಿಮೂರು ಸಾಲು ಓದಿಯಾಗಿತ್ತು.

ಕ್ಯಾಮೆರಾ ಮತ್ತು ಟಿವಿಯ ಉಪಾಯ ನಮ್ಮ ಮಗಳು ಇಂಚರಾಳದು. ಕಾಲೇಜಿನ ಎರಡನೆಯ ವರ್ಷದಲ್ಲಿದ್ದಾಳೆ, ದೆಹಲಿಯಲ್ಲೇ ಬೆಳೆದವಳು. “ಅಮ್ಮಾ, ಸಿಂಪಲ್ ಹೈ. ಕ್ಯಾಮೆರಾನ ಸ್ಟ್ಯಾಂಡ್ ಮೇಲೆ ಉಲ್ಟಾ ಇಡೋಣ, ಪೇಪರ್ ಕೆಳಗೆ. ವೈರ್ ಟಿವಿಗೆ. ಪಪ್ಪಾ ಸೋಫಾ ಮೇಲೆ ಕೂತು ಓದ್ತಾರೆ, ಬಸ್!” ಅಂದಳು. ಹಳೆಯ ಇಪ್ಪತ್ತೊಂದು ಇಂಚಿನ ಟಿವಿಗೆ ಹಾಕಿ ನೋಡಿದೆವು. ಬೇಕಾದಷ್ಟು ದೊಡ್ಡದು ಮಾಡಿದರೆ ಒಂದು ಸಲಕ್ಕೆ ಎರಡೇ ಅಕ್ಷರ ಹಿಡಿಸುತ್ತಿತ್ತು. ಸಾಲು ತುಂಡಾಗುತ್ತಿತ್ತು. ಹಾಗಾಗಿ ಕಳೆದ ಸೆಪ್ಟೆಂಬರಿನಲ್ಲಿ, ಹಬ್ಬದ ಕೊಡುಗೆಯಲ್ಲಿ, ಆ ಹಳೆಯ ಟಿವಿಯನ್ನು ನಿಮಗೇ ಕೊಟ್ಟು ಈ ದೊಡ್ಡದನ್ನು ತಂದೆವು. ಇನ್ನೊಂದು ಕೊಳ್ಳುವ ಶಕ್ತಿ ನಮಗಿಲ್ಲ ಎಂಬುದನ್ನು ಒಂದೇ ಸಲ ಹೇಳಿ ಬಿಟ್ಟುಬಿಡುತ್ತೇನೆ. ಇಂದಿರಾಪುರಂನ ನಮ್ಮ ಕಟ್ಟಡದ ಲಿಫ್ಟಿಗೆ ಅದು ಹಿಡಿಸಲಿಲ್ಲ. ನಾಲ್ಕು ಜನ ಆರು ಮಹಡಿ ಹೊತ್ತು ತಂದರು. ಪ್ರತಿ ತಿರುವಿನಲ್ಲಿ ಇಳಿಸಿ, ಕಂಪನಿಯನ್ನೂ ನಮ್ಮನ್ನೂ ಸಮವಾಗಿ ಬೈದರು.

ಮೊದಲ ದಿನ ಪರದೆಯ ಮೇಲೆ ಆ ಕಲ್ಲಿನ ಅರ್ಧ ಸಾಲು ಒಟ್ಟಿಗೆ ಬಂದಾಗ ಇವರು ಸೋಫಾದಿಂದ ಎದ್ದರು. ಹತ್ತಿರ ಹೋದರು, ಕತ್ತು ಓರೆಮಾಡಿ ಕಣ್ಣಿನ ಅಂಚಿನಿಂದ ನೋಡಿದರು, ಬೆರಳಿನಿಂದ ಗಾಳಿಯಲ್ಲೇ ಒಂದೊಂದು ಅಕ್ಷರ ತಿದ್ದಿದರು. ಆಮೇಲೆ ನನ್ನ ಕಡೆ ತಿರುಗಿ “ಸುಮಿತ್ರಾ, ಚಹಾ ಮಾಡ್ತೀಯಾ?” ಎಂದರು. ಕೆಲಸ ಶುರುಮಾಡುವ ಮುಂಚೆ ಅವರು ಚಹಾ ಕೇಳುವುದು ಮೂವತ್ತು ವರ್ಷದ ಅಭ್ಯಾಸ. ಏಳು ತಿಂಗಳಿಂದ ಕೇಳಿರಲಿಲ್ಲ. ಎದುರು ಮನೆಯ ಗುರ್‌ಮೀತ್ ಕೌರ್ ಅವರು ದೊಡ್ಡ ಟಿವಿ ನೋಡಲು ಬಂದವರು ಬಾಗಿಲಲ್ಲೇ ನಿಂತುಬಿಟ್ಟರು. “ಅರೇ ಭಾಭೀಜಿ! ಜನ ಇಷ್ಟು ದೊಡ್ಡ ಟಿವಿ ತಂದು ಕ್ರಿಕೆಟ್ ನೋಡ್ತಾರೆ, ಸಿನಿಮಾ ನೋಡ್ತಾರೆ. ನೀವು ಪತ್ಥರ್, ಬರೀ ಕಲ್ಲು ನೋಡ್ತೀರಾ? ಅದೂ ಬ್ಲ್ಯಾಕ್ ಆಂಡ್ ವೈಟ್ ಪತ್ಥರ್!”

ಇನ್ನು ದಸರೆಯ ವಿಚಾರ. ನೀವು ಇದನ್ನು ಅಪರಾಧವೆಂದು ದಾಖಲಿಸಿರುವುದರಿಂದ ವಿವರವಾಗಿಯೇ ಹೇಳುತ್ತೇನೆ. ನಾನು ಹೆಚ್ಚು ಪೂಜೆ ಪುನಸ್ಕಾರದವಳಲ್ಲ. ಆದರೆ ನನ್ನ ತಂದೆ ಚಿತ್ರದುರ್ಗದ ಸಣ್ಣ ಮುದ್ರಣಾಲಯವೊಂದರಲ್ಲಿ ಅಚ್ಚುಮೊಳೆ ಜೋಡಿಸುತ್ತಿದ್ದರು. ಆಯುಧಪೂಜೆಯ ದಿನ ಅಲ್ಲಿ ಯಂತ್ರಕ್ಕೆ ರಜೆ. ಮೊಳೆ ಇಡುವ ಪೆಟ್ಟಿಗೆಯ ಮನೆಮನೆಗೂ ಒಂದೊಂದು ಹೂವು, ಯಂತ್ರದ ಹಣೆಗೆ ಅರಿಸಿನ ಕುಂಕುಮ. “ವರ್ಷವೆಲ್ಲ ನಮಗೆ ದುಡಿದಿದೆ, ಒಂದು ದಿನ ನಾವು ಅದರ ಮುಂದೆ ನಿಲ್ಲಬಾರದೆ?” ಎನ್ನುತ್ತಿದ್ದರು. ನನ್ನ ಗಂಡನಿಗೆ ಅಕ್ಷರ ತೋರಿಸುವ ಯಂತ್ರದ ಮುಂದೆ ನಾನು ನಿಲ್ಲದಿರುವುದು ಸಾಧ್ಯವಿರಲಿಲ್ಲ. ನಿಂತೆ. ಪರದೆಗೆ ಕಲೆಯಾಗಬಾರದೆಂದು ಎಚ್ಚರದಿಂದ ಹಿಂಬದಿಗೆ ಹೋಗಿ, ಗಾಳಿಯಾಡಲು ಇರುವ ಸೀಳುಗಳ ಪಕ್ಕದಲ್ಲಿ ಅರಿಸಿನ ಕುಂಕುಮ ಹಚ್ಚಿ, ಸೇವಂತಿಗೆಯನ್ನು ನೀರಿನಲ್ಲಿ ಅದ್ದಿ ಮೂರು ಸಲ ಕೊಡವಿದೆ. ಮುಂಬದಿಗೆ ಹಚ್ಚಿದ್ದರೆ ಬಟ್ಟೆಯಲ್ಲಿ ಒರೆಸಿದರೆ ಮುಗಿಯುತ್ತಿತ್ತು. ಎಚ್ಚರ ವಹಿಸಿದ್ದೇ ತಪ್ಪಾಯಿತು. ಉಸಲಿ ಕೊಡಲು ಕರೆದಾಗ ಬಂದ ಗುರ್‌ಮೀತ್ “ಟಿವಿ ಕೀ ಶಾದೀ ಹೈ ಕ್ಯಾ, ಭಾಭೀಜಿ? ಟಿವಿಗೆ ಮದುವೆನಾ?” ಎಂದು ನಕ್ಕು, ತಾವೂ ಒಂದು ಹೂವಿಟ್ಟರು. ಅವರನ್ನೂ ಆರೋಪಿಗಳ ಪಟ್ಟಿಗೆ ಸೇರಿಸಿಕೊಳ್ಳಬಹುದು.

ಅಕ್ಟೋಬರ್, ನವೆಂಬರ್, ಡಿಸೆಂಬರ್ ಟಿವಿ ಚೆನ್ನಾಗಿ ನಡೆಯಿತು. ಜನವರಿಯ ಮೊದಲ ವಾರ ಅಕ್ಷರಗಳ ಎಡಕ್ಕೆ ಕೆಂಪು ನೆರಳು ಬಂತು. ನಾನು ನಿಮ್ಮ ಕೈಪಿಡಿ ತೆರೆದೆ. ಒಂದು ಗುಂಡಿ ಒತ್ತಿದರೆ ಪರದೆಯ ಮೇಲೆ ಗೆರೆಗಳ ಜಾಲ ಬರುತ್ತದೆ. ಹಸಿರು ಅಡ್ಡಗೆರೆಯ ಮೇಲೆ ಕೆಂಪನ್ನು ತಂದು ಕೂರಿಸಬೇಕು, ಆಮೇಲೆ ನೀಲಿಯನ್ನು. ಯಂತ್ರ ಬಿಸಿಯಾಗುವವರೆಗೆ ಅರ್ಧ ಗಂಟೆ ಕಾಯಬೇಕು, ಇಲ್ಲದಿದ್ದರೆ ಕೂರಿಸಿದ್ದು ಮತ್ತೆ ಜಾರುತ್ತದೆ. ಎಂಟು ದಿನ, ಬೆಳಿಗ್ಗೆ ಇವರು ಸ್ನಾನ ಮುಗಿಸಿ ಬರುವುದರೊಳಗೆ, ಸ್ವೆಟರ್ ಹಾಕಿಕೊಂಡು ಆ ಪರದೆಯ ಮುಂದೆ ನೆಲದ ಮೇಲೆ ಕೂತು ಮೂರು ಬೆಳಕನ್ನು ಒಂದು ಮಾಡಿದ್ದೇನೆ. ಅಷ್ಟು ಏಕಾಗ್ರತೆಯಿಂದ ನಾನು ಯಾವ ಕವಿತೆಯನ್ನೂ ಓದಿಲ್ಲ. ಒಂಬತ್ತನೆಯ ದಿನ ಕೆಂಪು ಮುಂದೆ ಬರಲಿಲ್ಲ. ಗುಂಡಿ ಒತ್ತುತ್ತಲೇ ಇದ್ದೆ. ಅದು ದೂರದಲ್ಲಿ ನಿಂತೇ ಇತ್ತು, ಮುನಿಸಿಕೊಂಡ ನೆಂಟರ ಹಾಗೆ.

ನಿಮ್ಮ ತಂತ್ರಜ್ಞರು ತ್ಯಾಗಿ ಎಂಬುವರು. ಮುರಾದನಗರದ ಕಡೆಯವರು, ಐವತ್ತರ ಆಸುಪಾಸು, ಮಾತಿನಲ್ಲಿ ಮೃದು. ಮೊದಲ ಸಲ ಬಂದಾಗ ಹಿಂಬದಿ ಬಿಚ್ಚಲಿಲ್ಲ. ನಾನು ಮಾಡಿದ್ದನ್ನೇ ತಮ್ಮ ರಿಮೋಟಿನಿಂದ ಮಾಡಿ, ಹೇಗೋ ಕೆಂಪನ್ನು ಒಂದಿಷ್ಟು ಎಳೆದು ತಂದು, “ಹೋ ಗಯಾ, ಮೇಡಂಜಿ. ಆರಾಮವಾಗಿ ಸೀರಿಯಲ್ ನೋಡಿ” ಎಂದರು.

“ಎಡಗಡೆ ಗೆರೆ ಇನ್ನೂ ಎರಡಾಗಿ ಕಾಣ್ತಿದೆ,” ಎಂದರು ನನ್ನ ಗಂಡ.

“ಸಾಬ್, ಅಷ್ಟು ಸೂಕ್ಷ್ಮವಾಗಿ ಯಾರು ನೋಡ್ತಾರೆ?”

“ನಾನು ನೋಡ್ತೀನಿ.”

ತ್ಯಾಗಿ ತಲೆಯೆತ್ತಿ ಇವರ ಕಡೆ ನೋಡಿದರು. ಇವರು ತ್ಯಾಗಿಯವರ ಭುಜದ ಕಡೆ ನೋಡುತ್ತಿದ್ದರು. ಆಗ ತ್ಯಾಗಿಯವರಿಗೆ ಏನೋ ಅರ್ಥವಾಗಿರಬೇಕು. ನಾಲ್ಕೇ ದಿನಕ್ಕೆ ಅಕ್ಷರ ಮತ್ತೆ ಮೂರಾಗಿ, ಗಣರಾಜ್ಯೋತ್ಸವದ ಮರುದಿನ ಅವರು ಎರಡನೆಯ ಸಲ ಬಂದಾಗ, ಚೀಲ ಇಳಿಸುವ ಮೊದಲೇ “ಸಾಬ್, ಇವತ್ತು ಪೂರ್ತಿ ಬಿಚ್ಚಿ ನೋಡ್ತೀನಿ” ಎಂದರು.

ಬಿಚ್ಚಿದರು. ಟಾರ್ಚ್ ಹಿಡಿದು ಬಗ್ಗಿ, ಒಳಗೆ ಬೆರಳಾಡಿಸಿ, ಆ ಬೆರಳನ್ನು ನನಗೆ ತೋರಿಸಿದರು. ಎಣ್ಣೆಯ ಹಾಗೆ ಹೊಳೆಯುತ್ತಿತ್ತು. “ದೇಖಿಯೇ ಮೇಡಂಜಿ, ಇದು ಕೂಲಂಟ್. ಟ್ಯೂಬ್ ಬಿಸಿಯಾಗದಿರಲಿ ಅಂತ ಫ್ಯಾಕ್ಟರಿಯಲ್ಲೇ ತುಂಬಿರ್ತಾರೆ. ಕೆಂಪು ಟ್ಯೂಬಿನ ಸೀಲ್ ಬಿಟ್ಟಿದೆ. ತೊಟ್ಟಿಕ್ಕಿ ತೊಟ್ಟಿಕ್ಕಿ ಕೆಳಗಿನ ಬೋರ್ಡ್ ಮೇಲೆ ಬಿದ್ದಿದೆ. ಇನ್ನು ಇದನ್ನು ಹಚ್ಚಬೇಡಿ, ಪೂರಾ ಸುಟ್ಟುಹೋಗುತ್ತೆ. ಟ್ಯೂಬ್, ಬೋರ್ಡ್ ಎರಡೂ ಬದಲಾಯಿಸಬೇಕು.” ಇಷ್ಟು ಸ್ಪಷ್ಟವಾದ ಗದ್ಯವನ್ನು ನಿಮ್ಮ ಕಂಪನಿಯಿಂದ ನಾನು ಕೇಳಿದ್ದು ಅದೇ ಮೊದಲು, ಅದೇ ಕೊನೆ. ಆಮೇಲೆ ಅವರು ಮೇಲಧಿಕಾರಿಗೆ ಫೋನ್ ಮಾಡಿದರು. “ಹಾಂ ಸರ್, ಲಿಕ್ವಿಡ್ ಇದೆ... ಜೀ ಸರ್... ಹಿಂದೆ ಸ್ವಲ್ಪ ಲಾಲ್ ಪೌಡರ್ ಕೂಡ ಇದೆ ಸರ್... ಕೇಳ್ತೀನಿ ಸರ್.” ಫೋನಿನ ಮೇಲೆ ಕೈಯಿಟ್ಟು ನನ್ನನ್ನು ಕೇಳಿದರು: “ಮೇಡಂಜಿ, ಇದರ ಮೇಲೆ ಏನಾದ್ರೂ ಹಾಕಿದ್ರಾ?”

ಇಲ್ಲ ಎಂದಿದ್ದರೆ ಬಹುಶಃ ಮುಗಿಯುತ್ತಿತ್ತು. ನಾನು ಆಯುಧಪೂಜೆಯ ಮಹತ್ವವನ್ನು ವಿವರಿಸಿದೆ. ಅಪ್ಪನ ಮುದ್ರಣಾಲಯದಿಂದ ಶುರುಮಾಡಿದೆ. ಕುಂಕುಮ, ಅರಿಸಿನ, ಸೇವಂತಿಗೆ, ಮೂರು ಹನಿ ನೀರು ಎಲ್ಲವನ್ನೂ ಹೇಳಿದೆ. ಉತ್ತರದವರಿಗೆ ನಮ್ಮ ಪದ್ಧತಿ ಗೊತ್ತಿರುವುದಿಲ್ಲ, ತಿಳಿಸಿ ಹೇಳೋಣ ಎಂಬ ಉತ್ಸಾಹ ಬೇರೆ. ತ್ಯಾಗಿಯವರ ಮುಖ ಇಳಿಯುತ್ತಾ ಹೋಯಿತು. “ಪಾನೀ ಭೀ?” ಎಂದು ಮೆಲ್ಲಗೆ ಕೇಳಿದರು. “ಮೂರೇ ಹನಿ,” ಎಂದೆ ಹೆಮ್ಮೆಯಿಂದ. ಅವರು ಚೀಲದಿಂದ ನಿಮ್ಮ ಮೂರು ಪ್ರತಿಯ ಫಾರಂ ತೆಗೆದು, ತುಂಬಿ, “ಇಲ್ಲಿ ಸಹಿ ಮಾಡಿ ಮೇಡಂಜಿ, ಇಲ್ಲದಿದ್ರೆ ಕೇಸ್ ಮುಂದೆ ಹೋಗಲ್ಲ” ಎಂದರು. ಕವಿತೆಯ ಒಂದೊಂದು ಪದವನ್ನು ನಾಲ್ಕು ಸಲ ಓದುವವಳು, ಆ ಹಾಳೆಯನ್ನು ಒಮ್ಮೆಯೂ ಓದದೆ ಸಹಿ ಹಾಕಿದೆ. ಅವರು ಹೋದ ಮೇಲೆ ಮಾಸಲು ಕಾರ್ಬನ್ ಪ್ರತಿಯನ್ನು ಕಿಟಕಿಯ ಬಳಿ ಹಿಡಿದು ಓದಿದೆ: ದ್ರವ ಒಳಸೇರಿದೆ. ಕೆಂಪು ಮತ್ತು ಹಳದಿ ರಾಸಾಯನಿಕ ಪುಡಿ ಪತ್ತೆಯಾಗಿದೆ. ಬಳಕೆದಾರರ ತಪ್ಪು. ವಾರಂಟಿ ಅನ್ವಯಿಸುವುದಿಲ್ಲ.

ಗಟ್ಟಿಯಾಗಿ ಓದಿದ್ದು ತಪ್ಪಾಯಿತು. ಒಳಗಿನಿಂದ ಇವರು ಕೇಳಿಸಿಕೊಂಡರು. “ಅರಿಸಿನ ಕುಂಕುಮಕ್ಕೆ ಇಷ್ಟು ಚೆಂದದ ಹೆಸರು ಯಾವ ಶಾಸನದಲ್ಲೂ ನೋಡಿಲ್ಲ” ಎಂದು ನಕ್ಕರು. ಆಮೇಲೆ “ಹೋಗಲಿ ಬಿಡು” ಎಂದರು. ಆ “ಹೋಗಲಿ ಬಿಡು” ನನಗೆ ಬೇಡ, ಮಾನ್ಯರೇ. ಅದನ್ನು ಕೇಳಬಾರದೆಂದೇ ನಾಲ್ಕು ತಿಂಗಳಿಂದ ಬರೆಯುತ್ತಿದ್ದೇನೆ.

ನನಗೆ ವಿಜ್ಞಾನ ಅಷ್ಟು ತಿಳಿಯದು. ಆದರೂ ಒಂದು ಪ್ರಶ್ನೆ ಕೇಳುತ್ತೇನೆ. ಅಕ್ಟೋಬರ್ ಹನ್ನೊಂದರಂದು ಹೂವಿನಿಂದ ಕೊಡವಿದ ಮೂರು ಹನಿ ನೀರು ಜನವರಿ ಇಪ್ಪತ್ತೇಳರಂದು ತ್ಯಾಗಿಯವರ ಬೆರಳಿಗೆ ಅಂಟಿದ್ದು ಹೇಗೆ? ದೆಹಲಿಯ ಚಳಿಗಾಲದಲ್ಲಿ ದಪ್ಪ ಬಟ್ಟೆ ಒಣಗಲು ಎರಡು ದಿನ ಬೇಕು, ಒಪ್ಪುತ್ತೇನೆ. ಮೂರೂವರೆ ತಿಂಗಳು ಬೇಕೆಂದು ನನ್ನ ಬಟ್ಟೆ ಒಗೆಯುವವಳೂ ಹೇಳುವುದಿಲ್ಲ. ಅದೂ ದಿನಕ್ಕೆ ಆರು ಗಂಟೆ ಉರಿಯುವ, ಬೆಕ್ಕು ಬಂದು ಬೆನ್ನಿಗೆ ಬೆನ್ನು ಕೊಟ್ಟು ಮಲಗುವಷ್ಟು ಬಿಸಿಯಾಗುವ ಯಂತ್ರದ ಒಳಗೆ! ಒಣಗದೆ ಉಳಿದದ್ದಷ್ಟೇ ಅಲ್ಲ, ಮೂರು ಹನಿ ಬೆಳೆದು ಬೋರ್ಡಿನ ತುಂಬ ಹರಡಿದೆ. ಎಣ್ಣೆಯ ಜಿಡ್ಡು ಬೇರೆ ಪಡೆದುಕೊಂಡಿದೆ. ನನ್ನ ಪೂಜೆಗೆ ಇಷ್ಟು ಶಕ್ತಿ ಇರುವುದು ನಿಜವಾದರೆ, ಟಿವಿಯ ರಿಪೇರಿಗೆ ನಿಮ್ಮನ್ನು ಏಕೆ ಕೇಳುತ್ತಿದ್ದೆ? ಇನ್ನೂ ಮೂರು ಹನಿ ಚಿಮುಕಿಸಿ ಗಂಡನ ಕಣ್ಣನ್ನೇ ಸರಿಮಾಡಿಕೊಳ್ಳುತ್ತಿದ್ದೆ.

ತ್ಯಾಗಿಯವರ ಮೇಲೆ ನನಗೆ ಸಿಟ್ಟಿಲ್ಲ, ಅವರ ಮೇಲೆ ನೀವು ಕ್ರಮ ತೆಗೆದುಕೊಳ್ಳುವುದೂ ಬೇಡ. ಫೆಬ್ರುವರಿಯಲ್ಲಿ ಅವರಿಗೆ ಫೋನ್ ಮಾಡಿ, ಕೂಲಂಟ್ ಎಂದು ನೀವೇ ಹೇಳಿದಿರಲ್ಲ ಎಂದು ಕೇಳಿದೆ. “ಮೇಡಂಜಿ, ಫಾರಂ ನೋಡಿದ್ದೀರಲ್ಲ. ಅದರಲ್ಲಿ ಟಿಕ್ ಹಾಕೋದಕ್ಕೆ ಜಾಗ ಎಲ್ಲಿದೆ?” ಎಂದರು. ಮತ್ತೆ ತೆಗೆದು ನೋಡಿದೆ. ನಿಜ. ಗ್ರಾಹಕನ ತಪ್ಪಿಗೆ ಏಳು ಚೌಕಗಳಿವೆ: ವೋಲ್ಟೇಜ್, ದ್ರವ, ಇಲಿ, ಕೀಟ, ಬಿದ್ದದ್ದು, ಬೇರೆಯವರು ಬಿಚ್ಚಿದ್ದು, ಇತರೆ. ಕಂಪನಿಯ ತಪ್ಪಿಗೆ ಒಂದೂ ಚೌಕವಿಲ್ಲ. ಇಲಿಗೂ ಒಂದು ಜಾಗ ಕೊಟ್ಟವರು ನಿಮಗಾಗಿ ಒಂದನ್ನೂ ಇಟ್ಟುಕೊಳ್ಳಲಿಲ್ಲವಲ್ಲ, ಇದು ವಿನಯವೇ?

ಈಗ ಆ ಒಂದು ಉತ್ತರದ ವಿಚಾರ. ಐದನೆಯ ಪತ್ರದಲ್ಲಿ ನಾನು ಮನಸ್ಸು ಬಿಚ್ಚಿ ಬರೆದಿದ್ದೆ: ಇದು ನಮಗೆ ಟಿವಿಯಲ್ಲ, ನನ್ನ ಗಂಡನ ಕನ್ನಡಕ, ಇದರಲ್ಲಿ ನಾವು ಯಾವ ಕಾರ್ಯಕ್ರಮವನ್ನೂ ನೋಡಿಲ್ಲ, ಅವರಿಗೆ ಕಣ್ಣಿರುವ ತಿಂಗಳುಗಳನ್ನು ದಯವಿಟ್ಟು ವ್ಯರ್ಥ ಮಾಡಬೇಡಿ ಎಂದು. ಹನ್ನೆರಡು ದಿನಕ್ಕೆ ಉತ್ತರ ಬಂತು. ಮಾರ್ಚ್ ತಿಂಗಳಿನ ಆ ಬೆಳಿಗ್ಗೆ ಲಕೋಟೆ ಒಡೆಯುವ ಮೊದಲು ಇವರನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡೆ ಎಂದು ಹೇಳಲು ಈಗ ನಾಚಿಕೆ. ಎರಡೇ ವಾಕ್ಯ. ಈ ಉತ್ಪನ್ನ ಗೃಹ ಮನರಂಜನೆಗೆ ಮಾತ್ರ. ಗ್ರಾಹಕರೇ ಬರೆದು ಒಪ್ಪಿಕೊಂಡಂತೆ ಅನ್ಯ ಉದ್ದೇಶಕ್ಕೆ ಬಳಸಿರುವುದರಿಂದ ಈ ಕಾರಣಕ್ಕೂ ವಾರಂಟಿ ಅನ್ವಯಿಸುವುದಿಲ್ಲ. ಅಂದರೆ ಮೊದಲು ನನ್ನ ಭಕ್ತಿ ನನಗೆ ಮುಳುವಾಯಿತು, ಆಮೇಲೆ ನನ್ನ ಪ್ರಾಮಾಣಿಕತೆ. ಮನರಂಜನೆ ಎಂದರೇನು, ಮಾನ್ಯರೇ? ಸಾವಿರ ವರ್ಷ ಯಾರೂ ಉಚ್ಚರಿಸದ ಒಂದು ಹೆಸರನ್ನು ಓದಿ ಹೇಳುವ ಮನುಷ್ಯನ ಸಂತೋಷ ಯಾವ ಪಟ್ಟಿಗೆ ಸೇರುತ್ತದೆ? ಅದೇ ದಿನ ಮಧ್ಯಾಹ್ನ ನನ್ನ ಮೊಬೈಲಿಗೆ ನಿಮ್ಮಿಂದ ಸಂದೇಶ ಬಂತು: ನಿಮ್ಮ ದೂರು ಬಗೆಹರಿದಿದೆ, ನಮ್ಮ ಸೇವೆಗೆ ಹತ್ತರಲ್ಲಿ ಎಷ್ಟು ಅಂಕ ಕೊಡುತ್ತೀರಿ? ಇಂಚರಾ ಅದನ್ನು ನೋಡಿ, “ಝೀರೋ ಭೇಜೂಂ, ಅಮ್ಮಾ? ಕಳಿಸ್ಲಾ?” ಎಂದಳು. ಬೇಡವೆಂದೆ. ಸೊನ್ನೆಯನ್ನು ಕಂಡುಹಿಡಿದ ದೇಶದವರು ಅದನ್ನು ಹೀಗೆ ಖರ್ಚುಮಾಡಬಾರದು.

ನಿಮ್ಮ ಕಚೇರಿಯಿಂದ ಕೊನೆಯ ಸಲ ಫೋನ್ ಮಾಡಿದ ಹುಡುಗಿ ಒಳ್ಳೆಯವಳು. “ಮ್ಯಾಮ್, ರಿಪೇರಿ ಆದ್ರೆ ಲೇಟ್ ಆಗಿದ್ದಕ್ಕೆ ವಾರಂಟಿಯನ್ನು ಮೂರು ತಿಂಗಳು ಎಕ್ಸ್‌ಟೆಂಡ್ ಮಾಡೋಕೆ ಕೇಳಬಹುದು” ಎಂದಳು. ಥ್ಯಾಂಕ್ಸ್ ಎಂದೆ. ಫೋನಿಟ್ಟ ಮೇಲೆ ಬಹಳ ಹೊತ್ತು ಅಡುಗೆಮನೆಯಲ್ಲಿ ಕೂತಿದ್ದೆ. ನೀವು ವಾರಂಟಿಯನ್ನು ಮೂರು ತಿಂಗಳು ಮುಂದಕ್ಕೆ ಹಾಕಬಹುದು. ಕಣ್ಣನ್ನು? ಡಿಸೆಂಬರಿನಲ್ಲಿ ಇವರು ಗೇಣುದ್ದದ ಅಕ್ಷರವನ್ನು ಎರಡು ಮಾರು ದೂರದಿಂದ ಹಿಡಿಯುತ್ತಿದ್ದರು. ಕಳೆದ ವಾರ ಇಂಚರಾ ದೊಡ್ಡ ಹಾಳೆಯ ಮೇಲೆ ಅಷ್ಟೇ ದೊಡ್ಡದಾಗಿ ಬರೆದು ಹಿಡಿದಳು. ಒಂದು ಮಾರಿಗೆ ಬರಬೇಕಾಯಿತು. ಅವರು ತಮಾಷೆ ಮಾಡಿದರು, “ಅಕ್ಷರಕ್ಕೆ ನನ್ನ ಮೇಲೆ ಪ್ರೀತಿ ಜಾಸ್ತಿಯಾಗಿದೆ, ಹತ್ತಿರ ಬರ್ತಿದೆ” ಎಂದು. ಮಗಳು ನಕ್ಕಳು, ಹಾಳೆ ಮಡಚಿಟ್ಟು ಸ್ನಾನದ ಮನೆಗೆ ಹೋಗಿ ನಲ್ಲಿ ಬಿಟ್ಟಳು. ನಲ್ಲಿಯ ಸದ್ದು ಯಾತಕ್ಕೆಂದು ನಮ್ಮಿಬ್ಬರಿಗೂ ಗೊತ್ತಿತ್ತು.

ಇವರ ಶಾಸನಗಳೂ ಒಂದು ಬಗೆಯ ವಾರಂಟಿ ಕಾರ್ಡುಗಳೇ. ಯಾರು ಕೊಟ್ಟರು, ಏನು ಕೊಟ್ಟರು, ಎಲ್ಲೆಗಳು ಯಾವುವು, ಸಾಕ್ಷಿ ಯಾರು, ಎಲ್ಲ ಅದರಲ್ಲಿರುತ್ತದೆ. ಅವಧಿಯೂ ಇರುತ್ತದೆ: ಸೂರ್ಯ ಚಂದ್ರರು ಇರುವವರೆಗೆ. ನೀವು ಹನ್ನೆರಡು ತಿಂಗಳು ಬರೆದಿರಿ. ನಾವು ಅಷ್ಟಕ್ಕೇ ಒಪ್ಪಿದೆವು. ಕೊನೆಯಲ್ಲಿ, ಕೊಟ್ಟ ಮಾತನ್ನು ಅಳಿಸಿದವನು ಕಪಿಲೆ ಹಸುವನ್ನು ಕೊಂದ ಪಾಪಕ್ಕೆ ಹೋಗುವನು ಎಂಬ ಶಾಪವಿರುತ್ತದೆ. ಗಾಬರಿಯಾಗಬೇಡಿ. ಶಪಿಸುವಷ್ಟು ಶಕ್ತಿ ನನ್ನಲ್ಲಿ ಉಳಿದಿಲ್ಲ. ನನಗೆ ಬೇಕಾಗಿರುವುದು ಒಂದು ಕೆಂಪು ಟ್ಯೂಬು, ಒಂದು ಬೋರ್ಡು, ಅವುಗಳನ್ನು ಕೂರಿಸಲು ತ್ಯಾಗಿಯವರ ಅರ್ಧ ದಿನ.

ಇದನ್ನು ಬೇಡಿಕೆಯೆಂದೇ ತಿಳಿಯಿರಿ. ಈ ತಿಂಗಳು ಮುಗಿಯುವುದರೊಳಗೆ ಬದಲಿ ಭಾಗಗಳೊಂದಿಗೆ ತಂತ್ರಜ್ಞರನ್ನು ನಮ್ಮ ಮನೆಗೇ ಕಳಿಸಿ. ಟಿವಿಯ ಜೊತೆ ನಾನು ಆರು ಮಹಡಿ ಇಳಿದು ನಿಮ್ಮ ಸೇವಾ ಕೇಂದ್ರಕ್ಕೆ ಬರಲಾರೆ. ನಿಮ್ಮ ದಾಖಲೆಯಿಂದ “ಬಳಕೆದಾರರ ತಪ್ಪು” ಎಂಬುದನ್ನು ಅಳಿಸಿ, ಅಳಿಸಿದ್ದೇವೆಂದು ಬರೆದು ತಿಳಿಸಿ. ಮತ್ತು ಆ ಫಾರಂನಲ್ಲಿ ಎಂಟನೆಯ ಚೌಕವೊಂದನ್ನು ಅಚ್ಚುಹಾಕಿಸಿ. ಅದರ ಎದುರು “ನಮ್ಮದು” ಎಂದು ಒಂದೇ ಪದ ಸಾಕು. ತ್ಯಾಗಿಯಂಥವರು ಕಂಡದ್ದನ್ನು ಬರೆಯಲು ಅಷ್ಟು ಜಾಗವಾದರೂ ಇರಲಿ. ಹದಿನಾಲ್ಕನೆಯ ಸಾಲು ಕಾಯುತ್ತಿದೆ. ಕಲ್ಲು ಇನ್ನೂ ಸಾವಿರ ವರ್ಷ ಕಾಯಬಲ್ಲದು. ಓದುವವರು ಕಾಯಲಾರರು.

ಇಂತಿ,
ಕೆಂಪು ಮತ್ತು ಹಳದಿ ರಾಸಾಯನಿಕ ಪುಡಿಯ ತಪ್ಪಿತಸ್ಥ ಬಳಕೆದಾರಳು,
ಸುಮಿತ್ರಾ ಇಂದುಶೇಖರ
ಇಂದಿರಾಪುರಂ, ಗಾಜಿಯಾಬಾದ್
ಮೇ 2006

ತಾ.ಕ.: ಪತ್ರವನ್ನು ಲಕೋಟೆಗೆ ಹಾಕುವಷ್ಟರಲ್ಲಿ ಕರೆಗಂಟೆಯಾಯಿತು. ಗುರ್‌ಮೀತ್ ಕೌರ್. ಕೈಯಲ್ಲಿ ಅವರ ಮನೆಯ ಬೀಗದ ಕೈ. ನಮ್ಮ ಟಿವಿ ಏಕೆ ಮುಚ್ಚಿಟ್ಟಿದೆ ಎಂದು ಅವರು ಮೊನ್ನೆ ಕೇಳಿದಾಗ ಎಲ್ಲವನ್ನೂ ಹೇಳಿದ್ದೆ. ಒಳಗೆ ಬನ್ನಿ ಎಂದರೆ ಬರಲಿಲ್ಲ. “ಭಾಭೀಜಿ, ನಮ್ಮದು ಇಪ್ಪತ್ತೊಂಬತ್ತು ಇಂಚು. ನಿಮ್ಮದರ ಮುಂದೆ ಮಗು. ಆದ್ರೆ ಬಣ್ಣ ಜಾರಲ್ಲ. ಮಧ್ಯಾಹ್ನ ಹನ್ನೆರಡರಿಂದ ನಾಲ್ಕರವರೆಗೆ ಭಾಯಿಸಾಬರು ನಮ್ಮ ಮನೆಗೆ ಬರಲಿ, ಕ್ಯಾಮೆರಾ ತಗೊಂಡು.” ಅದು ನೀವು ಸೀರಿಯಲ್ ನೋಡುವ ಹೊತ್ತಲ್ಲವೇ ಎಂದೆ. ನಿಮ್ಮ ಟಿವಿಯಲ್ಲಿ ಒಂದು ಸಲಕ್ಕೆ ಮೂರು ಅಕ್ಷರ ಹಿಡಿಸಿದರೆ ಹೆಚ್ಚು, ಸಾಲು ತುಂಡಾಗುತ್ತದೆ, ತಿಂಗಳುಗಟ್ಟಲೆ ಹಿಡಿಯಬಹುದು ಎಂದೆ. ಅವರು ಬೀಗದ ಕೈಯನ್ನು ನನ್ನ ಅಂಗೈಯಲ್ಲಿಟ್ಟು ಬೆರಳು ಮಡಚಿದರು.

“ತೀನ್ ತೋ ತೀನ್ ಸಹೀ, ಮೂರಾದರೆ ಮೂರೇ. ಸೀರಿಯಲ್ಲಿನ ಸೊಸೆಯಂದಿರು ನಾಳೆಯೂ ಅಳ್ತಾ ಇರ್ತಾರೆ, ಭಾಭೀಜಿ. ಭಾಯಿಸಾಬರ ಪತ್ಥರನ್ನ ಇವತ್ತೇ ತನ್ನಿ.”